ಕ್ಲಾಸಿಫೈಡ್ ವೆಬ್‌ಸೈಟ್ ನಡೆಸುವವರಿಗೆ ಸೈಟ್‌ಮ್ಯಾಪ್, ಎಸ್‌ಇಒ ಕೈಪಿಡಿ: ಕೊಹೀರ್, ಜಹೀರಾಬಾದ್, ತಾಂಡೂರಿನ ಉದಾಹರಣೆಯೊಂದಿಗೆ

ಮನೆ ಬಾಡಿಗೆಗಿದೆ, ಹಳೆ ಟ್ರಾಕ್ಟರ್ ಮಾರಾಟಕ್ಕಿದೆ, ಅಂಗಡಿಗೆ ಹುಡುಗರು ಬೇಕಾಗಿದ್ದಾರೆ. ಇಂತಹ ಸಣ್ಣ ಜಾಹೀರಾತುಗಳು ಮೊದಲು ಪತ್ರಿಕೆಯ ಒಳಪುಟದಲ್ಲೋ ಚಹಾ ಅಂಗಡಿಯ ಗೋಡೆಯಲ್ಲೋ ಇರುತ್ತಿದ್ದವು. ಈಗ ಹೆಚ್ಚಿನವು ವಾಟ್ಸ್ಆ್ಯಪ್ ಗ್ರೂಪುಗಳಿಗೆ ಹೋಗಿವೆ. ಆದರೆ ಗ್ರೂಪಿನಲ್ಲಿ ಹಾಕಿದ ಜಾಹೀರಾತು ಅವತ್ತೇ ಮೇಲಕ್ಕೆ ಸರಿದು ಮರೆಯಾಗುತ್ತದೆ. ಗೂಗಲ್‌ನಲ್ಲಿ ಹುಡುಕಿದರೂ ಅದು ಸಿಗುವುದಿಲ್ಲ. ಹೀಗಾಗಿ ಊರಿಗೊಂದು, ತಾಲೂಕಿಗೊಂದು ಕ್ಲಾಸಿಫೈಡ್ ವೆಬ್‌ಸೈಟ್ ಬೇಕು ಎಂಬ ಯೋಚನೆ ಅನೇಕ ಯುವಕರಿಗೆ ಬರುತ್ತದೆ.

ವೆಬ್‌ಸೈಟ್ ಕಟ್ಟುವುದು ಇವತ್ತು ದೊಡ್ಡ ಕೆಲಸವಲ್ಲ. ಕಷ್ಟ ಇರುವುದು ಆಮೇಲೆ. ಸುದ್ದಿ ಹತ್ತು ವರ್ಷ ಹಾಗೇ ಇದ್ದರೂ ನಡೆಯುತ್ತದೆ. ಜಾಹೀರಾತು ಹಾಗಲ್ಲ, ಮಾರಾಟವಾದ ದಿನವೇ ಅದರ ಆಯುಷ್ಯ ಮುಗಿಯಿತು. ಮಾರಿಹೋದ ಟ್ರಾಕ್ಟರ್ ಗೂಗಲ್‌ನಲ್ಲಿ ಇನ್ನೂ ಮಾರಾಟಕ್ಕಿದ್ದರೆ ಬೀದರ್‌ನಿಂದ ಒಬ್ಬ ರೈತ ಬಸ್ಸು ಹತ್ತಿ ಬಂದು ಬರಿಗೈಯಲ್ಲಿ ವಾಪಸ್ ಹೋಗುತ್ತಾನೆ. ಮಾರಿದವನಿಗೆ ಆರು ತಿಂಗಳಾದರೂ ಫೋನ್ ನಿಲ್ಲುವುದಿಲ್ಲ. ಇಬ್ಬರೂ ಮತ್ತೆ ಆ ಸೈಟಿನ ಕಡೆ ತಲೆ ಹಾಕುವುದಿಲ್ಲ. ಆದ್ದರಿಂದ ಕ್ಲಾಸಿಫೈಡ್ ಸೈಟಿನ ಎಸ್‌ಇಒ ಎಂದರೆ ಹೊಸ ಪುಟ ಸೇರಿಸುವುದು ಮಾತ್ರವಲ್ಲ. ಸತ್ತ ಪುಟವನ್ನು ಸಮಯಕ್ಕೆ ಸರಿಯಾಗಿ ತೆಗೆಯುವುದೇ ಅದರಲ್ಲಿ ಮುಖ್ಯ.

ಉದಾಹರಣೆಗೆ ಕೊಹೀರ್ ಯಾಕೆ?

ತೆಲಂಗಾಣದ ಕೊಹೀರ್, ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕರ್ನಾಟಕದ ಗಡಿಗೆ ಅಂಟಿಕೊಂಡ ಊರುಗಳು. ಜಹೀರಾಬಾದ್‌ನಿಂದ ಬೀದರ್‌ಗೆ ಸುಮಾರು 30 ಕಿ.ಮೀ. ಅಷ್ಟೇ. 1956ರ ರಾಜ್ಯ ಪುನರ್ವಿಂಗಡಣೆಗೆ ಮೊದಲು ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗ ಜಿಲ್ಲೆಯಲ್ಲಿತ್ತು. ಆಮೇಲೆ ಮೊದಲೆರಡು ಮೇದಕ್ ಜಿಲ್ಲೆಯ ಪಾಲಾಗಿ, 2016ರ ಅಕ್ಟೋಬರ್‌ನಲ್ಲಿ ಸಂಗಾರೆಡ್ಡಿ ಜಿಲ್ಲೆಗೆ ಸೇರಿದವು. ರಂಗಾರೆಡ್ಡಿ ಜಿಲ್ಲೆಯಲ್ಲಿದ್ದ ತಾಂಡೂರು ಆಗಲೇ ವಿಕಾರಾಬಾದ್ ಜಿಲ್ಲೆಗೆ ಬಂತು. ಇಲ್ಲಿಯ ಸಂತೆಯಲ್ಲಿ ತೆಲುಗು, ಉರ್ದು, ಕನ್ನಡ ಮೂರೂ ನಡೆಯುತ್ತವೆ.

ಮಾರುವ ಸರಕೂ ಸಾಕಷ್ಟಿದೆ. ಕೊಹೀರ್ ಎಂದರೆ ಪೇರಲ ಹಣ್ಣು. ಜಹೀರಾಬಾದ್ ಸುತ್ತ ಕಬ್ಬು, ಶುಂಠಿ, ಆಲೂಗಡ್ಡೆ ಬೆಳೆಯುತ್ತಾರೆ, ಮಹೀಂದ್ರ ಟ್ರಾಕ್ಟರ್ ಕಾರ್ಖಾನೆಯೂ ಅಲ್ಲಿದೆ. ತಾಂಡೂರಿನ ನೆಲಹಾಸು ಕಲ್ಲು ದೂರದೂರಕ್ಕೆ ಹೋಗುತ್ತದೆ. ತಾಂಡೂರಿನ ತೊಗರಿಗೆ 2022ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ಇಂತಹ ಕಡೆ ಒಂದು ಕ್ಲಾಸಿಫೈಡ್ ಸೈಟ್ ನಡೆಸಬೇಕಾದರೆ ಭಾಷೆ, ಹೆಸರು, ಜಿಲ್ಲೆ, ಸೀಸನ್ ಎಲ್ಲವೂ ಒಟ್ಟಿಗೆ ಎದುರಾಗುತ್ತವೆ. ಇಲ್ಲಿ ನಡೆಯುವ ಲೆಕ್ಕ ಮಂಗಳೂರು, ಪುತ್ತೂರು, ಕಾಸರಗೋಡಿಗೂ ನಡೆಯುತ್ತದೆ.

ಸೈಟ್‌ಮ್ಯಾಪ್ ಎಂದರೇನು?

ಸೈಟ್‌ಮ್ಯಾಪ್ ಎಂದರೆ ನಿಮ್ಮ ಸೈಟಿನಲ್ಲಿ ಯಾವ ಯಾವ ಪುಟಗಳಿವೆ, ಪ್ರತಿಯೊಂದೂ ಕೊನೆಯದಾಗಿ ಯಾವಾಗ ಬದಲಾಯಿತು ಎಂದು ಸರ್ಚ್ ಎಂಜಿನ್‌ಗೆ ಕೊಡುವ ಪಟ್ಟಿ. ಸಾಮಾನ್ಯವಾಗಿ ಇದು ಎಕ್ಸ್‌ಎಂಎಲ್ ಫೈಲ್ ಆಗಿರುತ್ತದೆ. 2005ರ ಜೂನ್‌ನಲ್ಲಿ ಗೂಗಲ್ ಇದನ್ನು ಆರಂಭಿಸಿತು. 2006ರ ನವೆಂಬರ್‌ನಲ್ಲಿ ಯಾಹೂ, ಮೈಕ್ರೋಸಾಫ್ಟ್ ಕೂಡ ಒಪ್ಪಿಕೊಂಡು ಒಂದೇ ಮಾದರಿ ಬಂತು. ನಿಯಮಗಳು ಸರಳ:

• ಒಂದು ಫೈಲಿನಲ್ಲಿ ಹೆಚ್ಚೆಂದರೆ 50,000 ವಿಳಾಸ. ಕುಗ್ಗಿಸದ ಫೈಲಿನ ಗಾತ್ರ 50 ಎಂಬಿ ಮೀರಬಾರದು.
• ಅದಕ್ಕಿಂತ ಹೆಚ್ಚಾದರೆ ಹಲವು ಫೈಲ್ ಮಾಡಿ, ಅವುಗಳೆಲ್ಲದರ ಪಟ್ಟಿಯನ್ನು ಒಂದು ಇಂಡೆಕ್ಸ್ ಫೈಲಿನಲ್ಲಿ ಕೊಡಬೇಕು.
• ಸೈಟ್‌ಮ್ಯಾಪ್ ಎಲ್ಲಿದೆ ಎಂದು ರೋಬೋಟ್ಸ್ ಫೈಲಿನಲ್ಲಿ ಒಂದು ಸಾಲು ಬರೆಯಬೇಕು, ಸರ್ಚ್ ಕನ್ಸೋಲ್‌ನಲ್ಲೂ ಸಲ್ಲಿಸಬೇಕು.

ಪಟ್ಟಿಯಲ್ಲಿ ಹಾಕಿದ ಮಾತ್ರಕ್ಕೆ ಗೂಗಲ್ ಆ ಪುಟವನ್ನು ತೋರಿಸಿಯೇ ತೋರಿಸುತ್ತದೆ ಎಂದೇನಿಲ್ಲ, ಅದು ಸೂಚನೆ ಮಾತ್ರ. ಪುಟ ಸಂಖ್ಯೆ 500ರ ಒಳಗಿದ್ದು, ಮುಖಪುಟದಿಂದ ಲಿಂಕ್ ಹಿಡಿದು ಎಲ್ಲ ಕಡೆ ಹೋಗಲು ಸಾಧ್ಯವಾದರೆ ಸೈಟ್‌ಮ್ಯಾಪ್ ಇಲ್ಲದೆಯೂ ನಡೆಯುತ್ತದೆ ಎಂದು ಗೂಗಲ್ ಹೇಳುತ್ತದೆ. ಆದರೆ ಕ್ಲಾಸಿಫೈಡ್‌ನಲ್ಲಿ ದಿನವೂ ಪುಟ ಹುಟ್ಟಿ ಸಾಯುವುದರಿಂದ ಸಣ್ಣ ಸೈಟಿಗೂ ಇದು ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಮಾತು. ಸೈಟ್‌ಮ್ಯಾಪಿನಲ್ಲಿ 'ಈ ಪುಟ ಎಷ್ಟು ಮುಖ್ಯ', 'ಎಷ್ಟು ದಿನಕ್ಕೊಮ್ಮೆ ಬದಲಾಗುತ್ತದೆ' ಎಂದು ಬರೆಯುವ ಎರಡು ಕಾಲಂ ಇವೆ. ಗೂಗಲ್ ಅವೆರಡನ್ನೂ ನೋಡುವುದೇ ಇಲ್ಲ. ಅದು ಗಮನಿಸುವುದು ಕೊನೆಯ ಬದಲಾವಣೆಯ ದಿನಾಂಕವನ್ನು. ಅದೂ ಆ ದಿನಾಂಕ ನಿಜ ಎಂದು ಅನುಭವಕ್ಕೆ ಬಂದರೆ ಮಾತ್ರ. ಪ್ರತಿ ರಾತ್ರಿ ಎಲ್ಲ ಪುಟಕ್ಕೂ ಇವತ್ತಿನ ದಿನಾಂಕ ಹಾಕಿಬಿಟ್ಟರೆ ಗೂಗಲ್ ಹೆಚ್ಚು ಸಲ ಬರುತ್ತದೆ ಅಂದುಕೊಳ್ಳಬೇಡಿ. ನಿಮ್ಮ ದಿನಾಂಕವನ್ನು ನಂಬುವುದನ್ನೇ ಅದು ಬಿಟ್ಟುಬಿಡುತ್ತದೆ. ಬೆಲೆ, ಫೋಟೋ, ವಿವರ ಬದಲಾದಾಗ ಮಾತ್ರ ದಿನಾಂಕ ಬದಲಿಸಿ.

ಹಿಂದೆ ಸೈಟ್‌ಮ್ಯಾಪ್ ಬದಲಾದಾಗ ಗೂಗಲ್‌ಗೆ 'ಪಿಂಗ್' ಕಳಿಸುವ ಪದ್ಧತಿ ಇತ್ತು. ಅದನ್ನು ನಿಲ್ಲಿಸುವುದಾಗಿ ಗೂಗಲ್ 2023ರಲ್ಲಿ ಪ್ರಕಟಿಸಿತು. ಹಳೆ ಪ್ಲಗ್‌ಇನ್‌ಗಳು ಇನ್ನೂ ಅದನ್ನೇ ಮಾಡುತ್ತಿದ್ದರೆ ಪ್ರಯೋಜನವಿಲ್ಲ. ಬಿಂಗ್ ಮತ್ತು ಯಾಂಡೆಕ್ಸ್ 2021ರಲ್ಲಿ ತಂದ ಇಂಡೆಕ್ಸ್‌ನೌ ಮೂಲಕ ಹೊಸ ಪುಟವನ್ನೂ ತೆಗೆದ ಪುಟವನ್ನೂ ಕೂಡಲೇ ತಿಳಿಸಬಹುದು, ಆದರೆ ಗೂಗಲ್ ಅದರಲ್ಲಿ ಸೇರಿಲ್ಲ.

ಪಟ್ಟಿಯನ್ನು ಹೇಗೆ ಭಾಗ ಮಾಡಬೇಕು?

ಎಲ್ಲವನ್ನೂ ಒಂದೇ ಫೈಲಿಗೆ ಸುರಿಯಬೇಡಿ. 50,000 ಆಗದಿದ್ದರೂ ಭಾಗ ಮಾಡುವುದು ಒಳ್ಳೆಯದು. ಸರ್ಚ್ ಕನ್ಸೋಲ್‌ನಲ್ಲಿ ಒಂದೊಂದು ಸೈಟ್‌ಮ್ಯಾಪಿನ ಪುಟಗಳನ್ನೂ ಬೇರೆ ಬೇರೆ ನೋಡಬಹುದು, ತೊಂದರೆ ಎಲ್ಲಿದೆ ಎಂದು ಬೇಗ ಗೊತ್ತಾಗುತ್ತದೆ.

1. ಸ್ಥಿರ ಪುಟಗಳು: ನಮ್ಮ ಬಗ್ಗೆ, ನಿಯಮ, ದೂರು ಕೊಡುವ ಪುಟ.
2. ಊರು–ವಿಭಾಗ ಪುಟಗಳು: 'ಜಹೀರಾಬಾದ್ – ಹಳೆ ಟ್ರಾಕ್ಟರ್', 'ತಾಂಡೂರು – ನೆಲಹಾಸು ಕಲ್ಲು'.
3. ಚಾಲ್ತಿಯಲ್ಲಿರುವ ಜಾಹೀರಾತುಗಳು, ತಿಂಗಳಿಗೊಂದು ಫೈಲಿನಂತೆ.
4. ಉದ್ಯೋಗ ಜಾಹೀರಾತುಗಳು ಪ್ರತ್ಯೇಕ.

ಪಟ್ಟಿಗೆ ಸೇರಬೇಕಾದ್ದು ಸರಿಯಾಗಿ ತೆರೆಯುವ, ಯಾರು ಬೇಕಾದರೂ ನೋಡಬಹುದಾದ, ತನ್ನದೇ ಮೂಲ ವಿಳಾಸ ಇರುವ ಪುಟ ಮಾತ್ರ. ಇನ್ನೂ ಪರಿಶೀಲನೆಯಲ್ಲಿರುವುದು, ಅವಧಿ ಮುಗಿದದ್ದು, ಬೇರೆ ಪುಟಕ್ಕೆ ತಿರುಗಿಸಿದ್ದು, ಲಾಗಿನ್ ಕೇಳುವುದು ಇದರಲ್ಲಿ ಇರಬಾರದು. ಗಂಟೆಗೊಮ್ಮೆ ಡೇಟಾಬೇಸ್‌ನಿಂದ ಪಟ್ಟಿ ತಾನಾಗಿಯೇ ತಯಾರಾಗುವಂತೆ ಮಾಡಿಟ್ಟರೆ ಕೈಕೆಲಸ ಉಳಿಯುತ್ತದೆ. ವರ್ಡ್‌ಪ್ರೆಸ್ ಬಳಸುವವರಿಗೆ 2020ರ 5.5 ಆವೃತ್ತಿಯಿಂದ ಸೈಟ್‌ಮ್ಯಾಪ್ ಅದರಲ್ಲೇ ಬರುತ್ತದೆ. ಆದರೆ ಅವಧಿ ಮುಗಿದ ಜಾಹೀರಾತು ಯಾವುದು ಎಂದು ಅದಕ್ಕೆ ಗೊತ್ತಿರುವುದಿಲ್ಲ, ಅದನ್ನು ನೀವೇ ಹೇಳಿಕೊಡಬೇಕು.

ಜಾಹೀರಾತು ಮುಗಿದ ಮೇಲೆ

ಪ್ರತಿ ವಿಭಾಗಕ್ಕೂ ಒಂದು ಅವಧಿ ಮೊದಲೇ ಇಟ್ಟುಕೊಳ್ಳಿ. ಪೇರಲ, ತರಕಾರಿಯಂತಹ ಫಸಲಿಗೆ 7 ದಿನ ಸಾಕು. ಬಾಡಿಗೆ ಮನೆಗೆ 30 ದಿನ, ವಾಹನಕ್ಕೆ 45 ದಿನ, ಜಮೀನಿಗೆ 90 ದಿನ, ಉದ್ಯೋಗಕ್ಕೆ ಅರ್ಜಿಯ ಕೊನೆ ದಿನಾಂಕ. ಅವಧಿ ಮುಗಿಯುವ ಎರಡು ದಿನ ಮೊದಲು ಜಾಹೀರಾತುದಾರರಿಗೆ ಒಂದು ಮೆಸೇಜ್ ಹೋಗಲಿ: 'ಇನ್ನೂ ಇದೆಯಾ? ಮಾರಾಟವಾಯಿತಾ?' ಉತ್ತರ ಬಾರದಿದ್ದರೆ ಜಾಹೀರಾತು ತಾನಾಗಿಯೇ ಇಳಿಯಬೇಕು. ಇಲ್ಲಿ ದಾಕ್ಷಿಣ್ಯ ಬೇಡ.

ಮಾರಾಟವಾದ ಪುಟವನ್ನು ಏನು ಮಾಡಬೇಕು? ಮೊದಲು ಫೋನ್ ನಂಬರ್ ತೆಗೆಯಿರಿ, ಮೇಲ್ಗಡೆ 'ಮಾರಾಟವಾಗಿದೆ' ಎಂದು ದೊಡ್ಡದಾಗಿ ಬರೆಯಿರಿ, ಅದೇ ಊರಿನ ಅಂತಹುದೇ ಬೇರೆ ಜಾಹೀರಾತುಗಳ ಲಿಂಕ್ ಕೊಡಿ. ಗೂಗಲ್‌ನಿಂದ ಬಂದ ವ್ಯಕ್ತಿಗೆ ದಾರಿ ಸಿಗುತ್ತದೆ. ಅದೇ ದಿನ ಸೈಟ್‌ಮ್ಯಾಪ್‌ನಿಂದ ವಿಳಾಸ ಹೊರಗೆ ಹೋಗಲಿ. ಒಂದೆರಡು ವಾರದ ನಂತರ ಪುಟವನ್ನೇ ತೆಗೆದು 404 ಅಥವಾ 410 ಉತ್ತರ ಬರುವಂತೆ ಮಾಡಿ. 404 ಎಂದರೆ 'ಸಿಗಲಿಲ್ಲ', 410 ಎಂದರೆ 'ಇತ್ತು, ಈಗ ತೆಗೆದಿದ್ದೇವೆ'. ಗೂಗಲ್ ಎರಡನ್ನೂ ಹೆಚ್ಚುಕಡಿಮೆ ಒಂದೇ ರೀತಿ ನೋಡುತ್ತದೆ.

ಅನೇಕರು ಮುಗಿದ ಜಾಹೀರಾತುಗಳನ್ನೆಲ್ಲ ಮುಖಪುಟಕ್ಕೆ ತಿರುಗಿಸುತ್ತಾರೆ. 'ಬಂದ ಗಿರಾಕಿ ಹೋಗಬಾರದು' ಎಂಬ ಲೆಕ್ಕಾಚಾರ. ಆದರೆ ಕೊಹೀರ್‌ನಲ್ಲಿ ಬಾಡಿಗೆ ಮನೆ ಹುಡುಕಿ ಬಂದವನಿಗೆ ಮುಖಪುಟದಲ್ಲಿ ಏನೂ ಸಿಗುವುದಿಲ್ಲ. ಗೂಗಲ್ ಕೂಡ ಇದನ್ನು 'ಸಾಫ್ಟ್ 404' ಎಂದು ಗುರುತಿಸಿ, ಪುಟ ಇಲ್ಲವೆಂದೇ ಲೆಕ್ಕ ಹಾಕುತ್ತದೆ. ಕೊನೆ ದಿನಾಂಕ ಮೊದಲೇ ಗೊತ್ತಿದ್ದರೆ, 'ಈ ದಿನದ ನಂತರ ತೋರಿಸಬೇಡಿ' ಎಂದು ಪುಟದಲ್ಲೇ ಸೂಚಿಸುವ ಮೆಟಾ ಟ್ಯಾಗ್ ಕೂಡ ಇದೆ.

ಊರಿನ ಹೆಸರು, ಸರಕಿನ ಹೆಸರು

ಜಹೀರಾಬಾದ್, ಝಹೀರಾಬಾದ್, ಜಹಿರಾಬಾದ್ – ಕನ್ನಡದಲ್ಲೇ ಮೂರು ರೀತಿ ಬರೆಯುತ್ತಾರೆ. ಕೊಹೀರ್, ಕೋಹಿರ್, ತಾಂಡೂರ, ತಾಂಡೂರು ಇವುಗಳದ್ದೂ ಅದೇ ಕಥೆ. ಪ್ರತಿ ರೂಪಕ್ಕೂ ಒಂದೊಂದು ಪುಟ ಮಾಡಬೇಡಿ. ಒಂದನ್ನು ಅಧಿಕೃತ ರೂಪ ಎಂದು ತೀರ್ಮಾನಿಸಿ, ಶೀರ್ಷಿಕೆಯಲ್ಲೂ ವಿಳಾಸದಲ್ಲೂ ಅದನ್ನೇ ಬಳಸಿ. ಉಳಿದ ರೂಪಗಳು ಊರಿನ ಪುಟದ ವಿವರಣೆಯಲ್ಲಿ ಸಹಜವಾಗಿ ಒಂದು ಸಲ ಬಂದರೆ ಸಾಕು. ಜಿಲ್ಲೆಯ ಹೆಸರೂ ಹೀಗೆಯೇ. ಈಗಿನದು ಸಂಗಾರೆಡ್ಡಿ ಎಂದು ಬರೆದು, 'ಹಿಂದಿನ ಮೇದಕ್ ಜಿಲ್ಲೆ' ಎಂದು ಒಮ್ಮೆ ಸೇರಿಸಿದರೆ ಹಳೆ ಹೆಸರಲ್ಲಿ ಹುಡುಕುವವರಿಗೂ ಸಿಗುತ್ತದೆ.

ಹಣ್ಣಿಗೂ ಹೆಸರು ಹಲವು. ಮೈಸೂರು ಕಡೆ ಸೀಬೆ, ಉತ್ತರ ಕರ್ನಾಟಕದಲ್ಲಿ ಪೇರಲ, ತೆಲುಗಿನಲ್ಲಿ ಜಾಮ, ಉರ್ದುವಿನಲ್ಲಿ ಅಮ್ರೂದ್. ತೊಗರಿ ತೆಲುಗಿನಲ್ಲಿ ಕಂದಿ. ನೆಲಹಾಸು ಕಲ್ಲಿಗೆ ಕೆಲವರು ಪರಸಿ ಎನ್ನುತ್ತಾರೆ. ಮಾರುವವನು ಒಂದು ಹೆಸರು ಬರೆಯುತ್ತಾನೆ, ಕೊಳ್ಳುವವನು ಇನ್ನೊಂದು ಹೆಸರಲ್ಲಿ ಹುಡುಕುತ್ತಾನೆ. ವಿಭಾಗದ ಪುಟದಲ್ಲಿ ಈ ಹೆಸರುಗಳನ್ನು ಸೇರಿಸುವುದು, ಸೈಟಿನ ಒಳಗಿನ ಹುಡುಕಾಟದಲ್ಲಿ ಅವನ್ನೆಲ್ಲ ಒಂದಕ್ಕೊಂದು ಜೋಡಿಸುವುದು ನಿಮ್ಮ ಕೆಲಸ. ಇಂತಹ ಪಟ್ಟಿ ಯಾವ ಕಂಪನಿಯ ಸಾಫ್ಟ್‌ವೇರ್‌ನಲ್ಲೂ ಸಿದ್ಧವಾಗಿ ಸಿಗುವುದಿಲ್ಲ, ಊರಿನವರನ್ನು ಕೇಳಿಯೇ ಮಾಡಬೇಕು.

ಕನ್ನಡ ವಿಳಾಸದ ತೊಡಕು

ವೆಬ್ ವಿಳಾಸದಲ್ಲಿ ಕನ್ನಡ ಅಕ್ಷರ ಬಳಸಬಹುದು, ಗೂಗಲ್‌ಗೆ ಅದು ಅರ್ಥವಾಗುತ್ತದೆ. ಆದರೆ ಒಳಗಡೆ ಅದು ಶೇಕಡಾ ಚಿಹ್ನೆಗಳ ಸಾಲಾಗಿ ಬದಲಾಗುತ್ತದೆ. 'ಕೊಹೀರ್' ಎಂಬುದರಲ್ಲಿ ಕ, ಒ ಸ್ವರದ ಚಿಹ್ನೆ, ಹ, ಈ ಸ್ವರದ ಚಿಹ್ನೆ, ರ, ವಿರಾಮ ಚಿಹ್ನೆ ಹೀಗೆ 6 ಸಂಕೇತಗಳಿವೆ. ಪ್ರತಿಯೊಂದಕ್ಕೂ 3 ಬೈಟ್, ಪ್ರತಿ ಬೈಟ್‌ಗೆ 3 ಅಕ್ಷರ. ಒಟ್ಟು 54 ಅಕ್ಷರವಾಯಿತು! ಸೈಟ್‌ಮ್ಯಾಪಿನಲ್ಲಿ ಒಂದು ವಿಳಾಸ 2,048 ಅಕ್ಷರಕ್ಕಿಂತ ಕಡಿಮೆ ಇರಬೇಕು. ಉದ್ದದ ಕನ್ನಡ ಶೀರ್ಷಿಕೆಯನ್ನು ಪೂರ್ತಿ ವಿಳಾಸಕ್ಕೆ ಹಾಕಿದರೆ ವಾಟ್ಸ್ಆ್ಯಪ್‌ನಲ್ಲಿ ಹಂಚುವಾಗ ನೋಡಲಿಕ್ಕೂ ಚಂದ ಇರುವುದಿಲ್ಲ. ವಿಳಾಸದಲ್ಲಿ ಊರು, ವಿಭಾಗ, ಜಾಹೀರಾತಿನ ಸಂಖ್ಯೆ ಇಷ್ಟೇ ಇರಲಿ. ವಿವರಣೆ ಶೀರ್ಷಿಕೆಯಲ್ಲಿ ಬರಲಿ.

ಇನ್ನೊಂದು ಕಣ್ಣಿಗೆ ಕಾಣದ ಸಮಸ್ಯೆ ಇದೆ. 'ಕೊ', 'ಹೀ' ಇಂತಹ ಅಕ್ಷರಗಳನ್ನು ಯುನಿಕೋಡ್‌ನಲ್ಲಿ ಎರಡು ರೀತಿ ಸಂಗ್ರಹಿಸಬಹುದು. ನೋಡಲು ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಅರ್ಧಾಕ್ಷರ ಬಿಡಿಸಿ ಬರೆಯಲು ಬಳಸುವ ಅದೃಶ್ಯ ಚಿಹ್ನೆಯೂ ಹಾಗೆಯೇ. ಇದರಿಂದ ಒಂದೇ ಪುಟಕ್ಕೆ ಎರಡು ವಿಳಾಸ ಹುಟ್ಟಬಹುದು. ವಿಳಾಸ ತಯಾರಿಸುವಾಗ ಅಕ್ಷರಗಳನ್ನು ಎನ್‌ಎಫ್‌ಸಿ ರೂಪಕ್ಕೆ ತಂದು, ಅದೃಶ್ಯ ಚಿಹ್ನೆ ತೆಗೆಯುವಂತೆ ಪ್ರೋಗ್ರಾಮರ್‌ಗೆ ಹೇಳಿ.

ಮೂರು ಭಾಷೆ, ಎಷ್ಟು ಪುಟ?

ಮೆನು ಕನ್ನಡದಿಂದ ತೆಲುಗಿಗೆ ಬದಲಾದ ಮಾತ್ರಕ್ಕೆ ಜಾಹೀರಾತು ತೆಲುಗಿನದ್ದಾಗುವುದಿಲ್ಲ. ಮಾರುವವರು ಬರೆದ ಭಾಷೆಯಲ್ಲೇ ಅದಕ್ಕೆ ಒಂದು ಪುಟ ಸಾಕು. ಊರು–ವಿಭಾಗ ಪುಟಗಳನ್ನು ಮಾತ್ರ ಕನ್ನಡ, ತೆಲುಗು, ಉರ್ದುವಿನಲ್ಲಿ ಸರಿಯಾಗಿ ಬರೆಸಿ, ಎಚ್‌ರೆಫ್‌ಲ್ಯಾಂಗ್ ಟ್ಯಾಗ್‌ನಿಂದ ಪರಸ್ಪರ ಜೋಡಿಸಿ. ಕನ್ನಡ ಪುಟ ತೆಲುಗು ಪುಟವನ್ನು ತೋರಿಸಿದರೆ ತೆಲುಗು ಪುಟವೂ ಕನ್ನಡವನ್ನು ತೋರಿಸಬೇಕು. ಒಂದೇ ಕಡೆಯ ಲಿಂಕ್ ಇದ್ದರೆ ಅದು ಲೆಕ್ಕಕ್ಕೆ ಬರುವುದಿಲ್ಲ.

ಫಿಲ್ಟರ್‌ಗಳ ಗುಣಾಕಾರ

4 ಊರು, 12 ವಿಭಾಗ ಎಂದರೆ 48 ಪುಟ. ಅದಕ್ಕೆ 6 ಬೆಲೆ ಶ್ರೇಣಿ, 4 ರೀತಿಯ ವಿಂಗಡಣೆ, 3 ಭಾಷೆ ಸೇರಿಸಿ ಗುಣಿಸಿದರೆ 3,456 ವಿಳಾಸ! ಇರುವ ಜಾಹೀರಾತು 200. ಇದೇ ಕ್ಲಾಸಿಫೈಡ್ ಸೈಟುಗಳ ದೊಡ್ಡ ರೋಗ. ಬೆಲೆ, ವಿಂಗಡಣೆಯ ಫಿಲ್ಟರ್ ವಿಳಾಸಗಳನ್ನು ಸೈಟ್‌ಮ್ಯಾಪಿಗೆ ಸೇರಿಸಬೇಡಿ. ಅವುಗಳಿಗೆ ಮೂಲ ಪುಟವನ್ನು ಸೂಚಿಸುವ ಕ್ಯಾನೊನಿಕಲ್ ಟ್ಯಾಗ್ ಹಾಕಿ, ಅಥವಾ ಗೂಗಲ್ ಅತ್ತ ಹೋಗದಂತೆ ರೋಬೋಟ್ಸ್ ಫೈಲಿನಲ್ಲಿ ತಡೆಯಿರಿ.

ತಡೆಯುವುದು ಬೇರೆ, ತೆಗೆಯುವುದು ಬೇರೆ. ರೋಬೋಟ್ಸ್ ಫೈಲ್ ಗೂಗಲ್‌ಗೆ 'ಓದಬೇಡ' ಎನ್ನುತ್ತದೆ. ನೋಇಂಡೆಕ್ಸ್ ಟ್ಯಾಗ್ 'ಓದು, ಆದರೆ ತೋರಿಸಬೇಡ' ಎನ್ನುತ್ತದೆ. ಎರಡನ್ನೂ ಒಟ್ಟಿಗೆ ಹಾಕಿದರೆ ಗೂಗಲ್ ಪುಟವನ್ನು ಓದುವುದೇ ಇಲ್ಲ, ಒಳಗಿರುವ ನೋಇಂಡೆಕ್ಸ್ ಅದಕ್ಕೆ ಕಾಣುವುದೂ ಇಲ್ಲ. ಹುಡುಕಾಟದಿಂದ ಪುಟ ಹೋಗಬೇಕಿದ್ದರೆ ನೋಇಂಡೆಕ್ಸ್ ಮಾತ್ರ ಹಾಕಿ.

ಒಂದೂ ಜಾಹೀರಾತಿಲ್ಲದ ಊರು–ವಿಭಾಗ ಪುಟವನ್ನೂ ಗೂಗಲ್‌ಗೆ ಕೊಡಬೇಡಿ. ಹಳ್ಳಿ ಹಳ್ಳಿಯ ಹೆಸರಲ್ಲಿ ಖಾಲಿ ಪುಟ ಸೃಷ್ಟಿಸುವುದನ್ನು ಗೂಗಲ್ ಸ್ಪ್ಯಾಮ್ ಎಂದೇ ನೋಡುತ್ತದೆ. ಎರಡು ಮೂರು ಜಾಹೀರಾತು ಬಂದ ಮೇಲೆ ಪುಟ ತೆರೆಯಲಿ. ಅದರಲ್ಲಿ ಉಪಯೋಗದ ಮಾತೂ ಇರಲಿ. ತಾಂಡೂರು ಕಲ್ಲಿನ ಪುಟದಲ್ಲಿ ದರ ಚದರಡಿಗೋ ಲೋಡಿಗೋ, ಪಾಲಿಶ್ ಆದದ್ದೋ ಅಲ್ಲವೋ, ಸಾಗಾಟ ಯಾರ ಖರ್ಚು ಎಂದು ಕೇಳಿಕೊಳ್ಳಲು ಹೇಳಿದರೆ ಕೊಳ್ಳುವವರಿಗೆ ಅನುಕೂಲ.

'ಇನ್ನಷ್ಟು ತೋರಿಸು' ಬಟನ್ ಮಾತ್ರ ಇಟ್ಟರೆ ಗೂಗಲ್ ಅದನ್ನು ಒತ್ತುವುದಿಲ್ಲ. ಎರಡನೇ, ಮೂರನೇ ಪುಟಕ್ಕೆ ನಿಜವಾದ ಲಿಂಕ್ ಇರಬೇಕು.

ಉದ್ಯೋಗ ಜಾಹೀರಾತಿಗೆ ವಿಶೇಷ ಎಚ್ಚರ

ಉದ್ಯೋಗದ ಪುಟಕ್ಕೆ ಗೂಗಲ್ ಪ್ರತ್ಯೇಕ ಮಾರ್ಕಪ್ ಕೊಟ್ಟಿದೆ: ಹುದ್ದೆ, ಕಂಪನಿ, ಊರು, ಪ್ರಕಟವಾದ ದಿನ, ಕೊನೆ ದಿನ. ಇಂಡೆಕ್ಸಿಂಗ್ ಎಪಿಐ ಬಳಸಿ ಹೊಸ ಉದ್ಯೋಗ ಪುಟವನ್ನು ನೇರವಾಗಿ ಗೂಗಲ್‌ಗೆ ತಿಳಿಸಲೂ ಅವಕಾಶವಿದೆ. ಮನೆ, ವಾಹನದ ಪುಟಗಳಿಗೆ ಅದು ಅಲ್ಲ. ಅವಧಿ ಮುಗಿದ ಉದ್ಯೋಗವನ್ನು ತೆಗೆಯದಿದ್ದರೆ ಗೂಗಲ್ ಕ್ರಮ ಕೈಗೊಳ್ಳಬಹುದು. ಕೊಲ್ಲಿ ರಾಷ್ಟ್ರಗಳ ಕೆಲಸ ಎಂದು ಬರುವ ಜಾಹೀರಾತನ್ನು, ಏಜೆಂಟ್ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪಟ್ಟಿಯಲ್ಲಿ ಇದ್ದಾರೆಯೇ ಎಂದು ನೋಡದೆ ಪ್ರಕಟಿಸಲೇಬಾರದು. ಗೂಗಲ್‌ನಲ್ಲಿ ಮೇಲೆ ಬಂದ ಒಂದು ನಕಲಿ ವೀಸಾ ಜಾಹೀರಾತು ಒಂದು ಮನೆಯ ಚಿನ್ನವನ್ನೆಲ್ಲ ಅಡವಿಗೆ ಕಳಿಸಬಲ್ಲದು.

ಫೋನ್ ನಂಬರ್, ಖಾಸಗಿತನ

ಫೋನ್ ನಂಬರ್ ಅನ್ನು ಶೀರ್ಷಿಕೆಯಲ್ಲಿ, ವಿಳಾಸದಲ್ಲಿ, ಫೋಟೋ ಹೆಸರಿನಲ್ಲಿ ಬರೆಯಲು ಬಿಡಬೇಡಿ. ಒಮ್ಮೆ ಹುಡುಕಾಟಕ್ಕೆ ಸಿಕ್ಕಿದ ನಂಬರ್ ಬೇರೆ ಸೈಟುಗಳಿಗೂ ನಕಲಾಗುತ್ತದೆ. ಲಾಗಿನ್ ಆದವರಿಗೆ ಬಟನ್ ಒತ್ತಿದ ಮೇಲೆ ಮಾತ್ರ ನಂಬರ್ ಕಾಣಲಿ. ವಧು-ವರರ ಜಾಹೀರಾತುಗಳಿಗೆ ಯಾವಾಗಲೂ ನೋಇಂಡೆಕ್ಸ್ ಇರಲಿ. ಹೆಣ್ಣುಮಕ್ಕಳ ವಿವರ ವರ್ಷಗಟ್ಟಲೆ ಗೂಗಲ್‌ನಲ್ಲಿ ಉಳಿಯಬೇಕಾದ್ದಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ತನ್ನ ಮಾಹಿತಿಯನ್ನು ಅಳಿಸಲು ಕೇಳುವ ಹಕ್ಕನ್ನು ವ್ಯಕ್ತಿಗೆ ಕೊಟ್ಟಿದೆ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ದೂರು ಅಧಿಕಾರಿಯ ಹೆಸರು, ಸಂಪರ್ಕ ಸೈಟಿನಲ್ಲಿ ಇರಬೇಕು. ತುರ್ತಾಗಿ ಒಂದು ಪುಟವನ್ನು ಮರೆಮಾಡಲು ಸರ್ಚ್ ಕನ್ಸೋಲ್‌ನ ರಿಮೂವಲ್ಸ್ ಉಪಕರಣ ಇದೆ. ಆದರೆ ಅದರ ಪರಿಣಾಮ ಸುಮಾರು ಆರು ತಿಂಗಳು ಮಾತ್ರ. ಅಷ್ಟರೊಳಗೆ ಪುಟವನ್ನೇ ತೆಗೆಯಬೇಕು. ಮೋಸ ಹೋದವರಿಗೆ ತಿಳಿಸಲು ಸೈಬರ್ ವಂಚನೆಯ ಸಹಾಯವಾಣಿ 1930 ಅನ್ನು ಪ್ರತಿ ಜಾಹೀರಾತಿನ ಕೆಳಗೆ ಹಾಕಿ.

ಮೊಬೈಲ್ ಮತ್ತು ವೇಗ

ಗೂಗಲ್ ಈಗ ನೋಡುವುದು ಸೈಟಿನ ಮೊಬೈಲ್ ರೂಪವನ್ನು. ಮುಖ್ಯ ಚಿತ್ರ ಅಥವಾ ಬರಹ 2.5 ಸೆಕೆಂಡ್‌ನೊಳಗೆ ಕಾಣಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡ್‌ನೊಳಗೆ ಪುಟ ಸ್ಪಂದಿಸಬೇಕು ಎಂಬುದು ಅದರ ಅಳತೆ. ಜನ ಮೊಬೈಲ್‌ನಲ್ಲಿ ತೆಗೆದ ದೊಡ್ಡ ಫೋಟೋವನ್ನು ಹಾಗೇ ಏರಿಸುತ್ತಾರೆ. ಸರ್ವರ್‌ನಲ್ಲೇ ಅದನ್ನು ಚಿಕ್ಕದು ಮಾಡಿದರೆ ಅರ್ಧ ಕೆಲಸ ಮುಗಿದಂತೆ.

ವಾರಕ್ಕೊಮ್ಮೆ ನೋಡಬೇಕಾದ್ದು

• ಸೈಟ್‌ಮ್ಯಾಪಿನಲ್ಲಿರುವ ವಿಳಾಸ ಮತ್ತು ಚಾಲ್ತಿ ಜಾಹೀರಾತುಗಳ ಸಂಖ್ಯೆ ತಾಳೆಯಾಗುತ್ತದೆಯೇ?
• ಪಟ್ಟಿಯಿಂದ 20 ವಿಳಾಸ ಆರಿಸಿ ತೆರೆದರೆ ಎಲ್ಲವೂ ತೆರೆಯುತ್ತವೆಯೇ?
• ಸರ್ಚ್ ಕನ್ಸೋಲ್‌ನಲ್ಲಿ ಸಾಫ್ಟ್ 404, ನಕಲು ಪುಟಗಳ ಸಂಖ್ಯೆ ಏರಿದೆಯೇ?
• ಜನ ಯಾವ ಪದದಲ್ಲಿ ಹುಡುಕಿ ಬಂದಿದ್ದಾರೆ? ಹೊಸ ಹೆಸರು ಕಂಡರೆ ವಿಭಾಗದ ಪುಟಕ್ಕೆ ಸೇರಿಸಿ.
• ಅಳಿಸಲು ಬಂದ ಮನವಿಗಳಲ್ಲಿ ಬಾಕಿ ಎಷ್ಟು?

'ಕ್ರಾಲ್ ಬಜೆಟ್' ಎಂದು ಹೆದರಿಸಿ ದುಡ್ಡು ಕೇಳುವವರು ಬರುತ್ತಾರೆ. ಹತ್ತು ಲಕ್ಷಕ್ಕಿಂತ ಹೆಚ್ಚು ಪುಟ ಇರುವ ಅಥವಾ ಹತ್ತು ಸಾವಿರಕ್ಕಿಂತ ಹೆಚ್ಚು ಪುಟ ದಿನವೂ ಬದಲಾಗುವ ಸೈಟಿಗೆ ಮಾತ್ರ ಅದರ ಚಿಂತೆ ಎಂದು ಗೂಗಲೇ ಹೇಳಿದೆ. ತಾಲೂಕು ಮಟ್ಟದ ಸೈಟಿಗೆ ಆ ಖರ್ಚು ಬೇಡ. ಆ ದುಡ್ಡಿನಲ್ಲಿ ಒಬ್ಬ ಹುಡುಗ ದಿನಕ್ಕೆ ಒಂದು ಗಂಟೆ ಕೂತು ಜಾಹೀರಾತುದಾರರಿಗೆ ಫೋನ್ ಮಾಡಿ 'ಇನ್ನೂ ಇದೆಯಾ?' ಎಂದು ಕೇಳಿದರೆ ಸೈಟಿಗೆ ಅದಕ್ಕಿಂತ ದೊಡ್ಡ ಲಾಭವಿಲ್ಲ. ಪಟ್ಟಿಯಲ್ಲಿರುವುದು ನಿಜವಾಗಿಯೂ ಇದೆ ಎಂದು ಒಮ್ಮೆ ಗೊತ್ತಾದರೆ ಜನ ಗೂಗಲ್‌ಗೆ ಹೋಗದೆ ನೇರ ನಿಮ್ಮಲ್ಲಿಗೇ ಬರುತ್ತಾರೆ.